ಮನೆಗೆ ಬಂದ ಮೈಕು: ಒಂದು ಆಯ್ಕೆಯ ಚರಿತ್ರೆ

ಮನೆಯಲ್ಲೇ ಕುಳಿತು ಹಾಡು, ಪಾಠ, ಪ್ರವಚನ ಅಥವಾ ಪುಸ್ತಕವಾಚನವನ್ನು ಧ್ವನಿಮುದ್ರಿಸಲು ಹೊರಟವರ ಮುಂದೆ ಇಂದು ಡೈನಮಿಕ್, ಕಂಡೆನ್ಸರ್, ರಿಬ್ಬನ್, ಎಲೆಕ್ಟ್ರೆಟ್ ಎಂಬ ಹಲವು ಬಗೆಯ ಮೈಕ್ರೊಫೋನುಗಳಿವೆ. ಮಾರುಕಟ್ಟೆ ಇವುಗಳನ್ನು ಬೆಲೆಯ ಏರುಕ್ರಮದಲ್ಲಿ ಜೋಡಿಸಿ, ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಸಿಗುತ್ತದೆಂಬ ನಂಬಿಕೆಯನ್ನು ಬೆಳೆಸುತ್ತದೆ. ಆದರೆ ಈ ಬಗೆಗಳು ಹುಟ್ಟಿಬಂದ ಕ್ರಮ ಬೇರೆಯೇ ಆಗಿದೆ. ದೂರವಾಣಿಯ ತಂತಿ, ಬಾನುಲಿಯ ನಿಲಯ, ಸಭೆಯ ವೇದಿಕೆ, ಸಿನಿಮಾದ ಸ್ಟುಡಿಯೊ ಹೀಗೆ ಒಂದೊಂದು ಸ್ಥಳದ ಒಂದೊಂದು ತೊಡಕನ್ನು ನಿವಾರಿಸಲು ಒಂದೊಂದು ಬಗೆ ರೂಪುಗೊಂಡಿತು, ಮತ್ತು ಬಹುಕಾಲ ಮನೆಯ ಕೋಣೆ ಆ ಸ್ಥಳಗಳ ಸಾಲಿನಲ್ಲಿ ಇರಲೇ ಇಲ್ಲ. ಬೇರೆಡೆಗೆಂದು ತಯಾರಾದ ಉಪಕರಣ ಮನೆಯನ್ನು ಹೊಕ್ಕಾಗ ತನ್ನ ಹುಟ್ಟಿನ ಗುಣವನ್ನೂ ಜೊತೆಗೆ ತಂದಿತು. ಆದ್ದರಿಂದ ಮನೆಗೆ ಯಾವ ಮೈಕು ತಕ್ಕುದು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಯಾವುದು ಎಲ್ಲಿಂದ ಬಂದಿತೆಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ಧ್ವನಿಮುದ್ರಣದ ಮೊದಲ ಅರ್ಧ ಶತಮಾನ ಮೈಕಿನ ನೆರವಿಲ್ಲದೆಯೇ ಕಳೆಯಿತು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡಾಗ, ಕಲಾವಿದೆ ಹಾಡಿದ್ದು ಒಂದು ತಗಡಿನ ಕಹಳೆಯೊಳಕ್ಕೆ. ಆ ಕಹಳೆಯ ಕಿರಿದಾದ ತುದಿಯಲ್ಲಿದ್ದ ಪೊರೆ ಕಂಪಿಸಿ, ಅದಕ್ಕೆ ಅಂಟಿದ ಮೊಳೆ ಮೇಣದ ತಟ್ಟೆಯ ಮೇಲೆ ಗೀರನ್ನು ಎಳೆಯುತ್ತಿತ್ತು. ವಿದ್ಯುತ್ತಿನ ಸಹಾಯವಿಲ್ಲದ ಈ ಕ್ರಮದಲ್ಲಿ ಗೀರನ್ನು ಕೊರೆಯುವ ಶಕ್ತಿಯೆಲ್ಲ ಹಾಡುವವರ ಕಂಠದಿಂದಲೇ ಬರಬೇಕಾಗಿದ್ದುದರಿಂದ ಗಟ್ಟಿ ದನಿಯವರು ಮಾತ್ರ ತಟ್ಟೆಯ ಮೇಲೆ ಉಳಿದರು, ಮೆಲುದನಿಯ ಸೂಕ್ಷ್ಮಗಳು ಅಳಿದುಹೋದವು. ಎಡಿಸನ್ನನ ಮೇಣದ ಉರುಳೆಯ ಫೋನೋಗ್ರಾಫಿನಲ್ಲಿ ಮನೆಯವರು ತಮ್ಮ ದನಿಯನ್ನು ತಾವೇ ಮುದ್ರಿಸಿಕೊಳ್ಳುವ ಅನುಕೂಲವಿತ್ತು. ಅದರ ಜಾಗಕ್ಕೆ ತಟ್ಟೆಯ ಗ್ರಾಮಫೋನು ಬಂದ ಮೇಲೆ ಆ ಅನುಕೂಲವೂ ತಪ್ಪಿ, ಮನೆಯೆಂಬುದು ಕೇಳುವ ಸ್ಥಳವಾಗಿ ಉಳಿಯಿತೇ ಹೊರತು ಮುದ್ರಿಸುವ ಸ್ಥಳವಾಗಿ ಉಳಿಯಲಿಲ್ಲ.

ಇದೇ ಅವಧಿಯಲ್ಲಿ ಮನೆಗಳನ್ನು ಸದ್ದಿಲ್ಲದೆ ಹೊಕ್ಕ ಮೈಕೊಂದಿತ್ತು. ಅದು ದೂರವಾಣಿಯ ಒಳಗಿನ ಕಾರ್ಬನ್ ಮೈಕು. 1877ರಿಂದ 1878ರ ನಡುವೆ ಎಮಿಲ್ ಬರ್ಲಿನರ್, ಥಾಮಸ್ ಎಡಿಸನ್ ಮತ್ತು ಲಂಡನ್ನಿನ ಡೇವಿಡ್ ಹ್ಯೂಸ್ ಬೇರೆಬೇರೆಯಾಗಿ ಕಂಡುಕೊಂಡ ತತ್ತ್ವವನ್ನು ಆಧರಿಸಿ, ಇಂಗ್ಲೆಂಡಿನ ಪಾದ್ರಿ ಹೆನ್ರಿ ಹನ್ನಿಂಗ್ಸ್ ಇದ್ದಿಲಿನ ಪುಡಿಕಾಳುಗಳನ್ನು ತುಂಬಿದ ರೂಪವೊಂದಕ್ಕೆ 1878ರಲ್ಲಿ ಪೇಟೆಂಟ್ ಪಡೆದನು. ಮಾತಿನ ಒತ್ತಡಕ್ಕೆ ಪೊರೆ ಒಳಸರಿದಾಗ ಕಾಳುಗಳು ಒತ್ತಾಗಿ ವಿದ್ಯುತ್ತು ಸರಾಗವಾಗಿ ಹರಿಯುವುದು, ಪೊರೆ ಹಿಂದೆ ಸರಿದಾಗ ಕಾಳುಗಳು ಸಡಿಲವಾಗಿ ಹರಿವು ತಗ್ಗುವುದು, ಇದಿಷ್ಟೇ ಅದರ ಕ್ರಿಯೆ. ಬ್ಯಾಟರಿಯ ವಿದ್ಯುತ್ತನ್ನೇ ದನಿ ಆಳುವುದರಿಂದ ಇದಕ್ಕೆ ಪ್ರತ್ಯೇಕ ವರ್ಧಕ ಬೇಕಿರಲಿಲ್ಲ. ವರ್ಧಕವೇ ಇಲ್ಲದಿದ್ದ ಕಾಲದಲ್ಲಿ ಮೈಲಿಗಟ್ಟಲೆ ತಂತಿಯ ಮೇಲೆ ಮಾತನ್ನು ಕಳುಹಿಸಲು ಇದಕ್ಕಿಂತ ಬೇರೆ ದಾರಿಯೂ ಇರಲಿಲ್ಲ. ಆದರೆ ಕಾಳುಗಳ ಉಜ್ಜಾಟದಿಂದ ಸದಾ ಸುಯ್ಯೆನ್ನುವ ಸದ್ದು ಇದ್ದೇ ಇತ್ತು, ಮಾತಿನ ಅರ್ಥ ತಿಳಿಯುವಷ್ಟು ಸ್ವರವ್ಯಾಪ್ತಿಯ ಹೊರತು ಹೆಚ್ಚಿನದು ಅದರಲ್ಲಿ ದಾಟುತ್ತಿರಲಿಲ್ಲ. ಸಂಗೀತಕ್ಕೆ ಅದು ಒಗ್ಗದಿದ್ದುದು ಆಶ್ಚರ್ಯವಲ್ಲ. ಸಂಗೀತಕ್ಕಾಗಿ ಅದನ್ನು ರೂಪಿಸಿಯೇ ಇರಲಿಲ್ಲ.

ದನಿಯ ನಿಷ್ಠೆಯನ್ನೇ ಗುರಿಯಾಗಿಟ್ಟುಕೊಂಡ ಮೊದಲ ಉಪಕರಣ ಕಂಡೆನ್ಸರ್ ಮೈಕು. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಇ. ಸಿ. ವೆಂಟೆ 1916ರಲ್ಲಿ ರೂಪಿಸಿದ ಇದರಲ್ಲಿ ಬಿಗಿಯಾಗಿ ಎಳೆದ ತೆಳುಪೊರೆಯೊಂದು ಲೋಹದ ಫಲಕದ ಎದುರು, ಕೂದಲೆಳೆಯಷ್ಟು ಅಂತರದಲ್ಲಿ ನಿಂತಿರುತ್ತದೆ. ಎರಡರ ನಡುವೆ ವಿದ್ಯುದಾವೇಶವನ್ನು ನಿಲ್ಲಿಸಿದಾಗ, ಪೊರೆಯ ಅಲುಗಾಟದಿಂದ ಅಂತರ ಬದಲಾಗಿ ಅದಕ್ಕೆ ಅನುಗುಣವಾದ ವಿದ್ಯುತ್ ಸಂಕೇತ ದೊರೆಯುತ್ತದೆ. ಪೊರೆಗೆ ಸುರುಳಿಯ ಭಾರವಾಗಲಿ ಕಾಳುಗಳ ತಡೆಯಾಗಲಿ ಇಲ್ಲದುದರಿಂದ ಅದು ಕ್ಷಣಿಕವಾದ ಸದ್ದನ್ನೂ ಬೆನ್ನಟ್ಟಬಲ್ಲುದು. ಇದರ ಬೆಲೆಯೆಂದರೆ, ಆವೇಶವನ್ನು ನಿಲ್ಲಿಸಲು ಹೊರಗಿನ ವಿದ್ಯುತ್ತು ಬೇಕು, ಹೊಮ್ಮುವ ಸಂಕೇತ ತೀರ ದುರ್ಬಲವಾದುದರಿಂದ ಮೈಕಿನ ಮಗ್ಗುಲಲ್ಲೇ ವರ್ಧಕವೊಂದು ಇರಬೇಕು. ಆಗಿನ ವರ್ಧಕವೆಂದರೆ ಬಿಸಿಯೇರುವ ಗಾಜಿನ ವಾಲ್ವು. 1928ರಲ್ಲಿ ಬರ್ಲಿನ್ನಿನ ಜಾರ್ಜ್ ನಾಯ್ಮನ್ ಮಾರಾಟಕ್ಕೆ ತಂದ ಕಂಡೆನ್ಸರ್ ಮೈಕು ಈ ವಾಲ್ವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರಿಂದಲೇ ಶೀಷೆಯ ಆಕಾರವನ್ನು ತಳೆದಿತ್ತು. ಅಷ್ಟರಲ್ಲಿ, 1925ರ ಸುಮಾರಿಗೆ, ಅಮೆರಿಕದ ಧ್ವನಿಮುದ್ರಣ ಕಂಪನಿಗಳು ಕಹಳೆಯನ್ನು ಕೈಬಿಟ್ಟು ಮೈಕು ಮತ್ತು ವರ್ಧಕಗಳ ಕ್ರಮವನ್ನು ಹಿಡಿದಿದ್ದವು; ಗೀರು ಕೊರೆಯುವ ಶಕ್ತಿ ಕಂಠದಿಂದ ಬರಬೇಕಾದ ಅಗತ್ಯ ಹೋದೊಡನೆ, ಕಿವಿಯ ಬಳಿ ಹೇಳಿದಂತೆ ಮೆಲ್ಲನೆ ಹಾಡುವ ಬಿಂಗ್ ಕ್ರಾಸ್ಬಿಯಂತಹ ಗಾಯಕರ ಶೈಲಿಯೇ ಹೊಸದಾಗಿ ಸಾಧ್ಯವಾಯಿತು.

1931 ಈ ಚರಿತ್ರೆಯಲ್ಲಿ ಎರಡು ಕವಲುಗಳು ಒಡೆದ ವರ್ಷ. ಆ ವರ್ಷ ಆರ್‌ಸಿಎ ಕಂಪನಿಯಲ್ಲಿ ಹ್ಯಾರಿ ಓಲ್ಸನ್ ರಿಬ್ಬನ್ ಮೈಕನ್ನು ಬಳಕೆಯ ಹದಕ್ಕೆ ತಂದರು; ವೆಸ್ಟರ್ನ್ ಎಲೆಕ್ಟ್ರಿಕ್‌ನಲ್ಲಿ ವೆಂಟೆ ಮತ್ತು ಥುರಾಸ್ ಡೈನಮಿಕ್ ಮೈಕನ್ನು ಮಾರುಕಟ್ಟೆಗೆ ಸಿದ್ಧಪಡಿಸಿದರು. ಎರಡರ ತತ್ತ್ವವೂ ಒಂದೇ: ಅಯಸ್ಕಾಂತದ ಕ್ಷೇತ್ರದಲ್ಲಿ ಲೋಹ ಅಲುಗಿದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ರಿಬ್ಬನ್ನಿನಲ್ಲಿ ಅಲುಗುವುದು ಅತಿ ತೆಳುವಾದ ಅಲ್ಯೂಮಿನಿಯಂ ಪಟ್ಟಿ, ಡೈನಮಿಕ್‌ನಲ್ಲಿ ಪೊರೆಗೆ ಅಂಟಿಸಿದ ತಂತಿಯ ಸುರುಳಿ. ಪಟ್ಟಿ ಎರಡೂ ಕಡೆಗೆ ತೆರೆದಿರುವುದರಿಂದ ರಿಬ್ಬನ್ ಮೈಕು ಮುಂದಿನಿಂದಲೂ ಹಿಂದಿನಿಂದಲೂ ಕೇಳಿಸಿಕೊಂಡು ಬದಿಗಳನ್ನು ಕಿವುಡಾಗಿಸುತ್ತದೆ. ಎದುರುಬದಿರು ನಿಂತು ಸಂಭಾಷಣೆ ನುಡಿಯುವ ಬಾನುಲಿ ನಾಟಕದ ನಟರಿಗೆ ಇದು ಹೇಳಿ ಮಾಡಿಸಿದಂತಿತ್ತು, ಬಿಬಿಸಿಯು 1934ರಿಂದ ತನ್ನದೇ ರಿಬ್ಬನ್ ಮೈಕನ್ನು ಬಳಕೆಗೆ ತಂದಿತು. ಆದರೆ ಒಂದು ಜೋರಾದ ಉಸಿರಿಗೆ ಪಟ್ಟಿ ಜೋಲುವ ಭಯವಿದ್ದುದರಿಂದ ಇದು ನಿಲಯದ ಕಾವಲಿನಲ್ಲೇ ಉಳಿಯಿತು. ಡೈನಮಿಕ್ ಮೈಕಿನ ಸುರುಳಿ ಭಾರವಾದುದರಿಂದ ಸೂಕ್ಷ್ಮದಲ್ಲಿ ಹಿಂದೆ ಬಿದ್ದರೂ, ಅದಕ್ಕೆ ಹೊರಗಿನ ವಿದ್ಯುತ್ತು ಬೇಡ, ಬಿದ್ದರೆ ಮುರಿಯುವುದಿಲ್ಲ, ಬಿಸಿಲು ಮಳೆಗೆ ಅಂಜುವುದಿಲ್ಲ.

ಮೈಕಿನ ಮುಂದಿನ ಕೋಣೆಗೂ ಮೈಕಿನಷ್ಟೇ ಮಹತ್ತ್ವವಿದೆಯೆಂಬುದು ಈ ನಿಲಯಗಳಲ್ಲೇ ಮೊದಲು ಸ್ಪಷ್ಟವಾಯಿತು. ಬರಿಗೋಡೆಗಳ ನಡುವೆ ಮಾತನಾಡಿದಾಗ ಮೈಕಿಗೆ ನೇರವಾಗಿ ತಲುಪಿದ ದನಿಯ ಬೆನ್ನಿಗೇ ಗೋಡೆ, ನೆಲ, ಛಾವಣಿಗಳಿಗೆ ಬಡಿದು ಮರಳಿದ ದನಿಯೂ ಬಂದು ಸೇರಿ ಮಾತು ಮಸುಕಾಗುತ್ತದೆ. ಎದುರಿಗೆ ಕುಳಿತ ಮನುಷ್ಯನ ಎರಡು ಕಿವಿಗಳು ಬೇಕಾದುದನ್ನು ಆರಿಸಿಕೊಳ್ಳುವ ಹಾಗೆ ಒಂಟಿ ಮೈಕು ಆರಿಸಿಕೊಳ್ಳಲಾರದು. ಆದ್ದರಿಂದ ಆರಂಭದ ನಿಲಯಗಳಲ್ಲಿ ಗೋಡೆಗಳಿಗೆ ದಪ್ಪ ಪರದೆಗಳನ್ನು ಇಳಿಬಿಟ್ಟು ಮಾರ್ದನಿಯನ್ನು ಹೀರಿಸಲಾಗುತ್ತಿತ್ತು. ಕನ್ನಡನಾಡಿನ ಮೊದಲ ಬಾನುಲಿ ಕೇಂದ್ರವಂತೂ ಹುಟ್ಟಿದ್ದೇ ಮನೆಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ನಿವಾಸ ‘ವಿಠ್ಠಲ ವಿಹಾರ’ದಲ್ಲಿ 30 ವಾಟ್ ಸಾಮರ್ಥ್ಯದ ಪ್ರಸಾರಯಂತ್ರವೊಂದನ್ನು ಇಟ್ಟು ಆರಂಭಿಸಿದ ‘ಆಕಾಶವಾಣಿ’ಯೇ ಮುಂದೆ ದೇಶದ ಬಾನುಲಿಗೆ ಹೆಸರು ಕೊಟ್ಟಿತು. ಖಾಸಗಿ ಮನೆಯೊಂದು ಧ್ವನಿಯನ್ನು ಹೊರಕ್ಕೆ ಕಳುಹಿಸುವ ಸ್ಥಳವಾಗಬಹುದೆಂಬುದಕ್ಕೆ ಕನ್ನಡಿಗರ ಮಟ್ಟಿಗೆ ಇದು ಮೊದಲ ದೊಡ್ಡ ನಿದರ್ಶನ.

ಆದರೂ ಜನಸಾಮಾನ್ಯರ ಮನಸ್ಸಿನಲ್ಲಿ ಮೈಕಿನ ಚಿತ್ರವನ್ನು ಮೂಡಿಸಿದ್ದು ಬಾನುಲಿಯಲ್ಲ, ವೇದಿಕೆ. ಸಭೆಯಲ್ಲಿ ಧ್ವನಿವರ್ಧಕದಿಂದ ಹೊರಟ ದನಿ ಮತ್ತೆ ಮೈಕನ್ನು ಹೊಕ್ಕು, ವರ್ಧಕದಲ್ಲಿ ಇನ್ನಷ್ಟು ಹಿಗ್ಗಿ, ಸುತ್ತಿ ಸುತ್ತಿ ಕಿವಿಗಡಚಿಕ್ಕುವ ಕೂಗಾಗುವುದು ಅಲ್ಲಿಯ ಮುಖ್ಯ ಪೀಡೆ. 1939ರಲ್ಲಿ ಷಿಕಾಗೋದ ಶೂರ್ ಕಂಪನಿಗಾಗಿ ಬೆಂಜಮಿನ್ ಬಾವರ್ ರೂಪಿಸಿದ ಯೂನಿಡೈನ್ ಮೈಕು ಮುಂದಿನ ದನಿಯನ್ನು ಹಿಡಿದು ಹಿಂದಿನ ದನಿಯನ್ನು ತಳ್ಳಿಹಾಕುವ ಗುಣವನ್ನು ಒಂದೇ ಸುರುಳಿಯಿಂದ ಸಾಧಿಸಿತು. ಹಿಡಿತದ ವಲಯವನ್ನು ಕಾಗದದ ಮೇಲೆ ಬರೆದರೆ ಹೃದಯದ ಆಕಾರ ಬರುವುದರಿಂದ ಇದನ್ನು ಕಾರ್ಡಿಯಾಯ್ಡ್ ವಿನ್ಯಾಸ ಎನ್ನುತ್ತಾರೆ. ಇದೇ ವಂಶದಿಂದ 1965ರಲ್ಲಿ ಎಸ್‌ಎಂ57, 1966ರಲ್ಲಿ ಎಸ್‌ಎಂ58 ಹೊರಬಂದವು. ಭಾರತದಲ್ಲಿ 1940ರಲ್ಲಿ ಆರಂಭವಾದ ದೆಹಲಿಯ ಅಹುಜಾ ಕಂಪನಿಯ ವರ್ಧಕಗಳೂ ಮೈಕುಗಳೂ ಕರ್ನಾಟಕದ ಊರೂರಿನ ಮೈಕ್‌ಸೆಟ್ ಅಂಗಡಿಗಳನ್ನು ತುಂಬಿ, ಜಾತ್ರೆ, ಹರಿಕಥೆ, ಯಕ್ಷಗಾನ, ಚುನಾವಣಾ ಭಾಷಣಗಳಿಗೆಲ್ಲ ಸಾಕ್ಷಿಯಾದವು. ಮೈಕೆಂದರೆ ಬಾಯಿಗೆ ಹತ್ತಿರ ಹಿಡಿಯುವ ಗಟ್ಟಿಮುಟ್ಟಾದ ಡೈನಮಿಕ್ ಎಂಬ ಕಲ್ಪನೆ ಬಲಿತದ್ದು ಹೀಗೆ.

ಮನೆಗೆಂದೇ ಮಾರಾಟವಾದ ಮೈಕುಗಳ ಕಾಲ ಆರಂಭವಾದದ್ದು ಎರಡನೆಯ ಮಹಾಯುದ್ಧದ ಬಳಿಕ. ಜರ್ಮನಿಯಲ್ಲಿ 1935ರಲ್ಲೇ ಪ್ರದರ್ಶನಗೊಂಡಿದ್ದ ಅಯಸ್ಕಾಂತೀಯ ಟೇಪಿನ ತಂತ್ರ ಯುದ್ಧಾನಂತರ ಅಮೆರಿಕಕ್ಕೆ ದಾಟಿ, 1950ರ ದಶಕದಲ್ಲಿ ಸುರುಳಿ ಟೇಪ್‌ರೆಕಾರ್ಡರುಗಳ ರೂಪದಲ್ಲಿ ಉಳ್ಳವರ ಮನೆಗಳನ್ನು ಸೇರಿತು. ಅವುಗಳ ಜೊತೆ ಬರುತ್ತಿದ್ದುದರಲ್ಲಿ ಹೆಚ್ಚಿನವು ಸ್ಫಟಿಕ ಮೈಕುಗಳು. ರೋಶೆಲ್ ಲವಣವೆಂಬ ಸ್ಫಟಿಕವನ್ನು ಬಾಗಿಸಿದರೆ ವಿದ್ಯುತ್ತು ಹುಟ್ಟುತ್ತದೆಂಬ ಗುಣವನ್ನು ಇವು ಬಳಸಿಕೊಂಡಿದ್ದವು. ಸಂಕೇತ ಪ್ರಬಲ, ಬೆಲೆ ಅಗ್ಗ, ಹೊರಗಿನ ವಿದ್ಯುತ್ತಿನ ಅಗತ್ಯವಿಲ್ಲ. ಆದರೆ ಲವಣ ನೀರಿನಲ್ಲಿ ಕರಗುವಂಥದಾದುದರಿಂದ ತೇವಕ್ಕೂ, ಸುಮಾರು 55 ಡಿಗ್ರಿ ಸೆಲ್ಸಿಯಸ್ ಮೀರಿದ ತಾಪಕ್ಕೂ ಸ್ಫಟಿಕ ಕೆಡುತ್ತಿತ್ತು. ಕರಾವಳಿಯ ಮಳೆಗಾಲದಂತಹ ಹವೆಗೆ ಅದು ತಕ್ಕ ವಸ್ತುವಾಗಿರಲಿಲ್ಲ. ಅಗ್ಗವಾದುದನ್ನೇ ಮನೆಗೆ ಸಾಕೆಂದು ಕೊಡುವ ವ್ಯಾಪಾರಪದ್ಧತಿಯ ಆರಂಭವನ್ನು ಈ ಮೈಕುಗಳಲ್ಲಿ ಗುರುತಿಸಬಹುದು.

ಇದಕ್ಕೆ ವಿರುದ್ಧವಾದ ದಾರಿಯನ್ನು ಅದೇ ಕಾಲದಲ್ಲಿ ತೋರಿಸಿದವರು ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಮತ್ತು ಗಾಯಕಿ ಮೇರಿ ಫೋರ್ಡ್. ಹಾಲಿವುಡ್ಡಿನ ತಮ್ಮ ಮನೆಯ ಗ್ಯಾರೇಜನ್ನು ಸ್ಟುಡಿಯೊ ಮಾಡಿಕೊಂಡಿದ್ದ ಪಾಲ್, ಬಿಂಗ್ ಕ್ರಾಸ್ಬಿ ಕೊಟ್ಟ ಆಂಪೆಕ್ಸ್ ಟೇಪ್‌ಯಂತ್ರಕ್ಕೆ ಹೆಚ್ಚುವರಿ ಹೆಡ್ಡೊಂದನ್ನು ಅಳವಡಿಸಿ, ಮೊದಲು ಮುದ್ರಿಸಿದ ದನಿಯ ಮೇಲೆ ಮತ್ತೊಂದು ದನಿಯನ್ನು ಸೇರಿಸುತ್ತ ಹೋಗುವ ಕ್ರಮವನ್ನು ಸಾಧಿಸಿದರು. 1951ರಲ್ಲಿ ಜನಪ್ರಿಯತೆಯ ತುದಿಗೇರಿದ ‘ಹೌ ಹೈ ದ ಮೂನ್’ ಈ ಕ್ರಮದಿಂದ ಮನೆಯಲ್ಲೇ ಸಿದ್ಧವಾದುದು. ಮೈಕಿನ ಆಯ್ಕೆಯ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದುದು, ಆಗಿನ ಸ್ಟುಡಿಯೊಗಳ ವಾಡಿಕೆಗೆ ವಿರುದ್ಧವಾಗಿ ಗಾಯಕಿಯನ್ನು ಮೈಕಿಗೆ ಅಂಗುಲಗಳ ಅಂತರಕ್ಕೆ ತಂದು ನಿಲ್ಲಿಸಿದ ಕ್ರಮ. ತೆರೆದ ಜಾಗದಲ್ಲಿ ಅಂತರ ಇಮ್ಮಡಿಯಾದರೆ ನೇರದನಿಯ ಒತ್ತಡ ಅರ್ಧಕ್ಕೆ, ಅಂದರೆ 6 ಡೆಸಿಬೆಲ್‌ನಷ್ಟು, ಇಳಿಯುತ್ತದೆ. ಕೋಣೆಯ ಮಾರ್ದನಿಯಾದರೋ ಹೆಚ್ಚುಕಡಿಮೆ ಎಲ್ಲೆಡೆ ಒಂದೇ ಮಟ್ಟದಲ್ಲಿ ಹರಡಿರುತ್ತದೆ. ಹತ್ತಿರ ಬಂದಷ್ಟೂ ಕೋಣೆ ಹಿಂದೆ ಸರಿಯುವುದು ಈ ಕಾರಣದಿಂದ, ಮತ್ತು ಪರದೆಗಳಿಲ್ಲದ ಸಾಧಾರಣ ಮನೆಯಲ್ಲಿ ಒಳ್ಳೆಯ ಮುದ್ರಣ ಸಾಧ್ಯವಾದುದೂ ಈ ಕಾರಣದಿಂದ. ಒಂದು ದಿಕ್ಕಿಗೆ ಮುಖ ಮಾಡಿದ ಮೈಕುಗಳು ತೀರ ಹತ್ತಿರದ ದನಿಯಲ್ಲಿ ಮಂದ್ರವನ್ನು ಉಬ್ಬಿಸುತ್ತವೆಂಬುದು, ಅಂದರೆ ಸಾಮೀಪ್ಯ ಪರಿಣಾಮವೆಂಬುದು, ಈ ದಾರಿಯಲ್ಲಿ ತೆರಬೇಕಾದ ಸುಂಕ.

ಮೈಕನ್ನು ನಿಜವಾಗಿ ಮನೆಮನೆಗೂ ಒಯ್ದದ್ದು 1960ರ ದಶಕದ ಎರಡು ಬೆಳವಣಿಗೆಗಳು. 1962ರಲ್ಲಿ ಬೆಲ್ ಪ್ರಯೋಗಾಲಯದ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್, ವಿದ್ಯುದಾವೇಶವನ್ನು ಕಾಯಮ್ಮಾಗಿ ಹಿಡಿದಿಟ್ಟುಕೊಳ್ಳುವ ಟೆಫ್ಲಾನ್ ಹಾಳೆಯನ್ನು ಪೊರೆಯಾಗಿ ಬಳಸಿದರು. ಕಂಡೆನ್ಸರ್ ಮೈಕಿಗೆ ಹೊರಗಿನಿಂದ ಆವೇಶ ಒದಗಿಸುವ ಅಗತ್ಯ ಇದರಿಂದ ತಪ್ಪಿತು, ಒಳಗಿನ ಪುಟ್ಟ ಟ್ರಾನ್ಸಿಸ್ಟರಿಗೆ ಒಂದು ಸಣ್ಣ ಬ್ಯಾಟರಿ ಸಾಕಾಯಿತು. ಇದೇ ಎಲೆಕ್ಟ್ರೆಟ್ ಮೈಕು. 1963ರಲ್ಲಿ ಫಿಲಿಪ್ಸ್ ಕಂಪನಿ ಬರ್ಲಿನ್ನಿನಲ್ಲಿ ಕ್ಯಾಸೆಟ್ಟನ್ನು ಪ್ರದರ್ಶಿಸಿತು. ಮೊದಲ ಕ್ಯಾಸೆಟ್ ಯಂತ್ರದ ಜೊತೆ ಪ್ರತ್ಯೇಕ ಮೈಕು ಬರುತ್ತಿತ್ತು. ಎಲೆಕ್ಟ್ರೆಟ್ ಅಗ್ಗವಾದ ಮೇಲೆ ಅದು ಯಂತ್ರದ ಮೈಯೊಳಗೇ ಅಡಗಿತು. ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರು ಕರಾವಳಿಯ ಮನೆಗಳಿಗೆ ಹೊತ್ತು ತಂದ ಟೂ-ಇನ್-ಒನ್ ಯಂತ್ರಗಳಲ್ಲಿ ಗುಂಡಿಯೊಂದನ್ನು ಒತ್ತಿದರೆ ಮಗುವಿನ ತೊದಲು, ಅಜ್ಜಿಯ ಹಾಡು, ಗುರುಗಳ ಪಾಠ ಎಲ್ಲವೂ ಟೇಪಿಗೆ ಇಳಿಯುತ್ತಿದ್ದವು. ಆಯ್ಕೆಯ ಪ್ರಶ್ನೆಯೇ ಇಲ್ಲದ ಈ ಮೈಕು ಸುತ್ತಲಿನ ಎಲ್ಲ ದಿಕ್ಕಿನ ಸದ್ದನ್ನೂ ಸಮನಾಗಿ ಹಿಡಿಯುತ್ತಿತ್ತು, ಯಂತ್ರದ ಮೋಟಾರಿನ ಗುಂಯ್‌ಗುಟ್ಟುವಿಕೆಯನ್ನೂ ಸೇರಿಸಿ. ಮಾತಿಲ್ಲದ ಹೊತ್ತಿನಲ್ಲಿ ಮಟ್ಟವನ್ನು ತಾನೇ ಏರಿಸಿಕೊಳ್ಳುವ ವ್ಯವಸ್ಥೆ ಆ ಯಂತ್ರಗಳಲ್ಲಿ ಇದ್ದುದರಿಂದ ಪ್ರತಿ ವಿರಾಮದಲ್ಲೂ ಕೋಣೆಯ ಗದ್ದಲ ಮೇಲೆದ್ದು ಬರುತ್ತಿತ್ತು. ಮುದ್ರಣದ ಅಂದ ಕೆಟ್ಟರೂ ಮುದ್ರಣವೆಂಬ ಕ್ರಿಯೆ ಮನೆಯ ವಾಡಿಕೆಯಾದದ್ದು ಇದರಿಂದಲೇ.

ಸ್ಟುಡಿಯೊದ ಕಂಡೆನ್ಸರ್ ಮನೆಗೆ ಬರಲು ಮೊದಲು ಅದರ ವಿದ್ಯುತ್ತಿನ ಸಮಸ್ಯೆ ಬಗೆಹರಿಯಬೇಕಾಗಿತ್ತು. ಟ್ರಾನ್ಸಿಸ್ಟರುಗಳು ವಾಲ್ವಿನ ಜಾಗಕ್ಕೆ ಬಂದ ಬಳಿಕ, 1966ರಲ್ಲಿ ನಾಯ್ಮನ್ ಕಂಪನಿ ನಾರ್ವೆಯ ಬಾನುಲಿ ಸಂಸ್ಥೆಗಾಗಿ, ದನಿಯ ಸಂಕೇತವನ್ನು ಒಯ್ಯುವ ತಂತಿಗಳಲ್ಲೇ ಮೈಕಿಗೆ ವಿದ್ಯುತ್ತನ್ನೂ ಕಳುಹಿಸುವ ಏರ್ಪಾಡನ್ನು ರೂಪಿಸಿತು. ಅಲ್ಲಿಯ ಸ್ಟುಡಿಯೊಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟಿನ ಸರಬರಾಜು ಮೊದಲೇ ಇದ್ದುದರಿಂದ ಆ ಸಂಖ್ಯೆಯೇ ಜಗತ್ತಿನ ಮಾನಕವಾಗಿ ನಿಂತಿತು. ಇದೇ ಫ್ಯಾಂಟಮ್ ಪವರ್. ಇನ್ನೊಂದು ಕಡೆಯಿಂದ 1979ರಲ್ಲಿ ಜಪಾನಿನ ಟಿಯಾಕ್ ಕಂಪನಿ ಕ್ಯಾಸೆಟ್ಟಿನ ಮೇಲೆ ನಾಲ್ಕು ಪ್ರತ್ಯೇಕ ದನಿಪಥಗಳನ್ನು ಮುದ್ರಿಸುವ ಪೋರ್ಟಾಸ್ಟುಡಿಯೊ ಯಂತ್ರವನ್ನು ಮಾರಾಟಕ್ಕೆ ಇಟ್ಟಿತು. 1982ರ ಜನವರಿಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಮನೆಯೊಂದರ ಮಲಗುವ ಕೋಣೆಯಲ್ಲಿ ಈ ಯಂತ್ರ ಮತ್ತು ಎರಡು ಎಸ್‌ಎಂ57 ಮೈಕುಗಳಿಂದ ಕರಡೆಂದು ಮುದ್ರಿಸಿಕೊಂಡ ಹಾಡುಗಳನ್ನು ಸ್ಟುಡಿಯೊದಲ್ಲಿ ತಂಡದೊಡನೆ ಮತ್ತೆ ಮುದ್ರಿಸಿದರೂ ಮೂಲದ ಗುಣ ಬಾರದೆ, ಕೊನೆಗೆ ಆ ಕ್ಯಾಸೆಟ್ಟೇ ‘ನೆಬ್ರಾಸ್ಕ’ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ವೇದಿಕೆಗೆಂದು ತಯಾರಾದ ಸಾಧಾರಣ ಬೆಲೆಯ ಡೈನಮಿಕ್ ಮೈಕು ಮನೆಯ ಕೋಣೆಗೆ ಹೊಂದಿಕೊಂಡಿತೆಂದರೆ, ಕೂಗು ತಡೆಯಲು ಅದಕ್ಕೆ ಕಲಿಸಿದ್ದ ದೂರದ ದನಿಯ ಉಪೇಕ್ಷೆಯೇ ಇಲ್ಲಿಯೂ ನೆರವಾಗಿದ್ದಿರಬೇಕು.

1990ರ ದಶಕದಲ್ಲಿ ಆಸ್ಟ್ರೇಲಿಯದ ರೋಡ್ ಮೊದಲಾದ ಕಂಪನಿಗಳು ಅಗಲ ಪೊರೆಯ ಕಂಡೆನ್ಸರುಗಳನ್ನು ಹಳೆಯ ಜರ್ಮನ್ ಮೈಕುಗಳಿಗಿಂತ ಎಷ್ಟೋ ಕಡಿಮೆ ಬೆಲೆಗೆ ಕೊಡತೊಡಗಿದವು. ಕಂಪ್ಯೂಟರು ಟೇಪಿನ ಜಾಗವನ್ನು ಹಿಡಿಯಿತು. 2005ರ ಸುಮಾರಿಗೆ ಕಂಪ್ಯೂಟರಿಗೆ ನೇರವಾಗಿ ಚುಚ್ಚುವ ಯುಎಸ್‌ಬಿ ಮೈಕುಗಳು ಬಂದವು. ಶತಮಾನದ ಉದ್ದಕ್ಕೂ ಸ್ಟುಡಿಯೊದ ಸ್ವತ್ತಾಗಿದ್ದುದು ಈಗ ಎಲ್ಲರ ಕೈಗೆ ಎಟುಕಿತು, ಆದರೆ ಅದರ ಜೊತೆ ಸ್ಟುಡಿಯೊದ ಗೋಡೆಗಳು ಬರಲಿಲ್ಲ. ರೋಡ್ ಕಂಪನಿಯ ಎನ್‌ಟಿ1-ಎ ಮೈಕಿನ ಒಳಗಿನಿಂದಲೇ ಹುಟ್ಟುವ ಸದ್ದು ಕೇವಲ 5 ಡೆಸಿಬೆಲ್‌ಗೆ ಸಮವೆಂದು ತಯಾರಕರು ಹೇಳುತ್ತಾರೆ. ಸಾಕಷ್ಟು ಶಾಂತವೆನ್ನಬಹುದಾದ ಮನೆಯಲ್ಲೂ ಹಿನ್ನೆಲೆಯ ಸದ್ದು ಸುಮಾರು 30 ಡೆಸಿಬೆಲ್ ಇರುತ್ತದೆ, ಫ್ಯಾನು ತಿರುಗಿದರೆ ಇನ್ನೂ ಹೆಚ್ಚು. ಅಂತಹ ಕೋಣೆಯಲ್ಲಿ ಮೈಕಿನ ಈ ಮೌನದಿಂದ ಆಗುವ ಲಾಭ ಅಲ್ಪ. ಅದು ಅಡುಗೆಮನೆಯ ಕುಕ್ಕರಿನ ಸೀಟಿಯನ್ನೂ ಬೀದಿಯ ಆಟೊವನ್ನೂ ಹೆಚ್ಚು ನಿಷ್ಠೆಯಿಂದ ದಾಖಲಿಸುತ್ತದೆ. 1973ರಲ್ಲಿ ಪ್ರಸಾರ ನಿಲಯಗಳಿಗೆಂದು ತಯಾರಾದ ಶೂರ್ ಎಸ್‌ಎಂ7 ಎಂಬ ಡೈನಮಿಕ್ ಮೈಕು ಮುಂದಿನ ಶತಮಾನದ ಪಾಡ್‌ಕಾಸ್ಟ್ ಮುದ್ರಕರಲ್ಲಿ ಮರುಹುಟ್ಟು ಪಡೆದುದಕ್ಕೆ ಈ ಅನುಭವವೂ ಒಂದು ಕಾರಣ. ಆದರೆ ಅದರ ಈಗಿನ ರೂಪವಾದ ಎಸ್‌ಎಂ7ಬಿ, 94 ಡೆಸಿಬೆಲ್ ದನಿಗೆ ಸುಮಾರು 1.1 ಮಿಲಿವೋಲ್ಟ್ ಸಂಕೇತವನ್ನಷ್ಟೇ ಕೊಡುವುದರಿಂದ, ಕನಿಷ್ಠ 60 ಡೆಸಿಬೆಲ್ ಹಿಗ್ಗಿಸಬಲ್ಲ ಪ್ರಿ-ಆಂಪ್, ಅಂದರೆ ಮೈಕಿನ ಸಂಕೇತವನ್ನು ಮೊದಲು ಬಲಪಡಿಸುವ ವರ್ಧಕ, ಅದಕ್ಕೆ ಬೇಕೇಬೇಕು. ಅಗ್ಗದ ಪೆಟ್ಟಿಗೆಗೆ ಜೋಡಿಸಿದರೆ ಕೋಣೆಯ ಗದ್ದಲ ಹೋಗಿ ಪೆಟ್ಟಿಗೆಯ ಸುಯ್ಗುಡುವಿಕೆ ಬರುತ್ತದೆ.

ಇತ್ತೀಚಿನ ಹಂತದಲ್ಲಿ ಮೈಕು ಸಿಲಿಕಾನ್ ಚಿಪ್ಪಿನೊಳಗೆ ಸೇರಿದೆ. ಸೆಸ್ಲರ್ ಅವರು ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿದ್ದಾಗ 1983ರಲ್ಲಿ ಪ್ರಕಟಿಸಿದ ಕೆಲಸದ ಹಾದಿಯಲ್ಲಿ ಬೆಳೆದ ಈ ಮೈಕುಗಳು ಇಂದು ಮೊಬೈಲುಗಳಲ್ಲಿ ಎರಡು ಮೂರರಂತೆ ಇದ್ದು, ಅವು ಹಿಡಿದುದನ್ನು ತಂತ್ರಾಂಶ ಸೋಸಿ ಮಾತನ್ನಷ್ಟೇ ಮುಂದಕ್ಕೆ ಕಳುಹಿಸುತ್ತದೆ. 2020ರ ಸಾಂಕ್ರಾಮಿಕದ ಕಾಲದಲ್ಲಿ ಸಂಗೀತಪಾಠಗಳು ಮನೆಯ ತೆರೆಗೆ ಸರಿದಾಗ ಈ ಸೋಸುವಿಕೆಯ ಮಿತಿ ಬೆಂಗಳೂರಿನ ಗುರುಗಳಿಗೂ ಅಮೆರಿಕದ ಕನ್ನಡ ಮನೆಗಳ ಶಿಷ್ಯರಿಗೂ ಒಟ್ಟಿಗೆ ತಿಳಿಯಿತು. ಎಡೆಬಿಡದೆ ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನ ಸದ್ದೆಂದು ಬಗೆಯುವ ತಂತ್ರಾಂಶ ತಂಬೂರಿಯ ಶ್ರುತಿಯನ್ನೂ ಅಳಿಸಿಹಾಕುತ್ತಿತ್ತು, ದೀರ್ಘವಾಗಿ ನಿಂತ ಷಡ್ಜವನ್ನೂ ಕತ್ತರಿಸುತ್ತಿತ್ತು. ಸೋಸುವಿಕೆಯನ್ನು ಆರಿಸಿ ಮೂಲದನಿಯನ್ನೇ ಕಳುಹಿಸುವ ಸೌಲಭ್ಯವನ್ನು ಹುಡುಕಿ ಬಳಸಬೇಕಾಯಿತು. ದೂರವಾಣಿಯ ಕಾರ್ಬನ್ ಮೈಕಿನ ಕಾಲದ ನಿಲುವೇ, ಅಂದರೆ ಮಾತು ತಿಳಿದರೆ ಸಾಕೆಂಬ ನಿಲುವೇ, ಇಲ್ಲಿ ಹೊಸ ವೇಷದಲ್ಲಿ ಕೆಲಸ ಮಾಡುತ್ತಿತ್ತು.

ಈ ಒಂದೂವರೆ ಶತಮಾನದ ನಡೆಯನ್ನು ಒಟ್ಟಾಗಿ ನೋಡಿದರೆ, ಮನೆಯ ಮುದ್ರಣ ಸಫಲವಾದ ಕಡೆಯಲ್ಲೆಲ್ಲ ಮೈಕಿನ ಬಗೆಗಿಂತ ಮೊದಲು ಬೇರೆ ಮೂರು ಸಂಗತಿಗಳು ತೀರ್ಮಾನವಾಗಿದ್ದವೆಂಬುದು ಕಾಣುತ್ತದೆ: ಕೋಣೆ ಎಷ್ಟು ಮಾರ್ದನಿಸುತ್ತದೆ, ಬಾಯಿ ಅಥವಾ ವಾದ್ಯ ಮೈಕಿಗೆ ಎಷ್ಟು ಹತ್ತಿರ ಇರಬಲ್ಲದು, ಮೈಕಿನ ಸಂಕೇತ ಯಾವ ವರ್ಧಕವನ್ನು ಸೇರುತ್ತದೆ. ಬಟ್ಟೆ, ಪುಸ್ತಕ, ಹಾಸಿಗೆಗಳು ತುಂಬಿದ ಶಾಂತ ಕೋಣೆಯಲ್ಲಿ, ತುಸು ದೂರದಿಂದಲೇ ಹಿಡಿಯಬೇಕಾದ ವೀಣೆಗೋ ಕೊಳಲಿಗೋ ಕಂಡೆನ್ಸರ್ ತನ್ನ ಸೂಕ್ಷ್ಮವನ್ನು ತೋರಬಲ್ಲುದು. ಬರಿಗೋಡೆಯ, ಬೀದಿಬದಿಯ ಕೋಣೆಯಲ್ಲಿ ಹತ್ತಿರದಿಂದ ಮಾತನಾಡುವವರಿಗೆ ಡೈನಮಿಕ್ ಹೆಚ್ಚು ಕ್ಷಮಾಶೀಲ. ತಂತಿ, ಪೆಟ್ಟಿಗೆಗಳ ಗೊಡವೆ ಬೇಡದವರಿಗೆ ಯುಎಸ್‌ಬಿ ಸಾಕು. ಹಿಂದಿನಿಂದಲೂ ಕೇಳಿಸಿಕೊಳ್ಳುವ ರಿಬ್ಬನ್ ಎದುರುಬದಿರು ಕುಳಿತ ಇಬ್ಬರಿಗೆ ಇಂದಿಗೂ ಒಗ್ಗುತ್ತದೆ, ಬೆನ್ನ ಹಿಂದೆ ಗೋಡೆಯಿದ್ದರೆ ಒಗ್ಗುವುದಿಲ್ಲ. ಕಹಳೆಯ ಕಾಲದಲ್ಲಿ ಉಪಕರಣಕ್ಕೆ ತಕ್ಕಂತೆ ಕಂಠವನ್ನು ಆರಿಸಲಾಗುತ್ತಿತ್ತು. ಕಂಠಕ್ಕೂ ಕೋಣೆಗೂ ತಕ್ಕಂತೆ ಉಪಕರಣವನ್ನು ಆರಿಸುವ ಸ್ವಾತಂತ್ರ್ಯ ಸಾಮಾನ್ಯ ಮನೆಯವರಿಗೆ ದೊರೆತು ಎರಡು ಮೂರು ದಶಕಗಳಷ್ಟೇ ಆಗಿದ್ದು, ಬೆಲೆಪಟ್ಟಿಯನ್ನು ನೋಡಿ ಮಾಡುವ ಆಯ್ಕೆ ಆ ಸ್ವಾತಂತ್ರ್ಯವನ್ನು ಮತ್ತೆ ಉಪಕರಣದ ಕೈಗೇ ಒಪ್ಪಿಸಿಬಿಡುತ್ತದೆ.